ಅಪ್ಪನ ಪಿಂಚಣಿ, ಮಗಳ ಪಿಎಫ್

ಕೇಳುಗರೆಲ್ಲರಿಗೂ ನಮಸ್ಕಾರ.

‘ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು, ಇನ್ನೂ ಕೈಯಲ್ಲಿ ಕಾಸು ನಿಲ್ಲಲಿಲ್ಲವೇನಮ್ಮ?’ ಈ ಪ್ರಶ್ನೆ ಈಗ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಕೇಳುವ ಅಪ್ಪನದೂ ತಪ್ಪಲ್ಲ, ಉತ್ತರ ತೋಚದ ಮಗಳದೂ ತಪ್ಪಲ್ಲ. ಇಬ್ಬರೂ ದುಡಿದ ಕಾಲದ ಲೆಕ್ಕವೇ ಬೇರೆ.

2006ರ ಏಪ್ರಿಲ್ 1ಕ್ಕೆ ಮೊದಲು ರಾಜ್ಯ ಸರ್ಕಾರದ ನೌಕರಿಗೆ ಸೇರಿ ಪೂರ್ಣ ಸೇವೆ ಮುಗಿಸಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ. ಯಾರು ಬೇಕಾದರೂ ಹಣ ಕಟ್ಟಬಹುದಾದ ಸರ್ಕಾರದ ಉಳಿತಾಯ ಯೋಜನೆ, ಅಂಚೆ ಕಚೇರಿಯ ಪಿಪಿಎಫ್, 1986ರಿಂದ 2000ದ ಜನವರಿವರೆಗೆ ಶೇಕಡಾ 12 ಬಡ್ಡಿ ಕೊಟ್ಟಿತು. ಆರು ವರ್ಷಕ್ಕೆ ಹಣ ಎರಡರಷ್ಟು. ಈಗಿನ ಶೇಕಡಾ 7.1ಕ್ಕೆ ಹತ್ತು ವರ್ಷ ಬೇಕು. ಆಗ ಬೆಲೆಯೇರಿಕೆಯೂ ಜೋರಾಗಿತ್ತು, ನಿಜ. ಹೊಲ ನಂಬಿದವರಿಗೆ ಈ ಪಿಂಚಣಿ ಆಗಲೂ ಇರಲಿಲ್ಲ, ಅದೂ ನಿಜ. ಆದರೆ ನೌಕರಿ ಇದ್ದವರಿಗೆ ಮುಪ್ಪಿನ ಚಿಂತೆಯನ್ನು ಬೇರೆಯವರು ಹೊತ್ತಿದ್ದರು.

ಮಗಳ ಪೇ ಸ್ಲಿಪ್ ನೋಡೋಣ. ಬೆಂಗಳೂರಿನಲ್ಲಿ ವರ್ಷಕ್ಕೆ 4,20,000 ರೂಪಾಯಿ ಸಿಟಿಸಿ, ಅಂದರೆ ಅವಳಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು ಎನ್ನಿ. ಊರಲ್ಲಿ ಎಲ್ಲರೂ ತಿಂಗಳಿಗೆ 35,000 ಅಂದುಕೊಳ್ಳುತ್ತಾರೆ. ಅದರೊಳಗೇ ಕಂಪನಿ ಕಟ್ಟುವ ಪಿಎಫ್, ಅಂದರೆ ಭವಿಷ್ಯ ನಿಧಿ, 1,800 ಇದೆ, ಕೆಲಸ ಬಿಡುವಾಗ ಕೊಡುವ ಇಡುಗಂಟಾದ ಗ್ರಾಚುಯಿಟಿಗೆಂದು ಸುಮಾರು 840 ಇದೆ. ಅವಳ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ ಬರುವುದು ಮೂವತ್ತು ಸಾವಿರದ ಚಿಲ್ಲರೆ. ಗ್ರಾಚುಯಿಟಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ಅಷ್ಟರೊಳಗೆ ಕೆಲಸ ಬಿಟ್ಟರೆ ಆ ದುಡ್ಡು ಕಾಗದದ ಮೇಲಷ್ಟೇ.

ಇನ್ನು ಬಾಡಿಗೆ. 15,000ದ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರೆ ಒಂದೂವರೆ ಲಕ್ಷ. ಇಬ್ಬರು ಗೆಳತಿಯರು ಹಂಚಿಕೊಂಡರೂ ತಲಾ 75,000, ಅಂದರೆ ಎರಡೂವರೆ ತಿಂಗಳ ಪೂರ್ತಿ ಸಂಬಳ. ಕೆಲಸ ಬದಲಾಯಿತು, ಮನೆಯೂ ಬದಲಾಯಿಸಬೇಕು. ಹಳೆಯ ಅಡ್ವಾನ್ಸ್ ಕೈಗೆ ಬರುವ ಮೊದಲೇ ಹೊಸದನ್ನು ಕೊಡಬೇಕು. ಹಳೆಯ ಮನೆಯವರು ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರೆ. ಪಿಎಫ್‌ಗೆ ಕೈ ಹಾಕುವ ಮನಸ್ಸಾಗುವುದು ಸರಿಯಾಗಿ ಆಗಲೇ.

ದಯವಿಟ್ಟು ಅಲ್ಲಿ ಸ್ವಲ್ಪ ತಡೆಯಿರಿ. ತಿಂಗಳಿಗೆ ಎರಡೂ ಪಾಲು ಸೇರಿ 3,600. ಮೂರು ವರ್ಷಕ್ಕೆ ಬಡ್ಡಿ ಸೇರಿ ಸುಮಾರು 1,45,000. 2024-25ಕ್ಕೆ ಕೊಟ್ಟ ಶೇಕಡಾ 8.25ರ ದರ ಹಾಗೇ ಉಳಿದರೆ ಒಂಬತ್ತು ವರ್ಷಕ್ಕೊಮ್ಮೆ ಅದು ಇಮ್ಮಡಿಯಾಗುತ್ತದೆ. ಇಪ್ಪತ್ತಾರರ ವಯಸ್ಸಿನಲ್ಲಿ ಮುಟ್ಟದೆ ಬಿಟ್ಟರೆ ಐವತ್ಮೂರಕ್ಕೆ ಹನ್ನೊಂದು ಲಕ್ಷ ದಾಟುತ್ತದೆ. ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ಆ ಹಣ ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಹೊಸ ಕಂಪನಿಗೆ ವರ್ಗಾಯಿಸಿಕೊಂಡರೆ ಹಳೆಯ ಸೇವೆಯೂ ಕೂಡಿಕೊಳ್ಳುತ್ತದೆ.

ವರ್ಗಾವಣೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ಮೊದಲನೆಯದು ಹೆಸರು. ಆಧಾರ್‌ನಲ್ಲಿ ‘ಮಂಜುಳಾ ಕೆ’, ಪಿಎಫ್‌ನಲ್ಲಿ ‘ಕೆ ಮಂಜುಳಾ’. ನಮ್ಮ ಇನಿಷಿಯಲ್ ಹಿಂದೆ ಮುಂದೆ ಆದರೂ ಅರ್ಜಿ ತಿರಸ್ಕಾರವಾಗಬಹುದು. ಕೆಲಸ ಬಿಡುವ ಮೊದಲೇ ಇದನ್ನು ಸರಿಮಾಡಿಸಿಕೊಳ್ಳಿ. ಎರಡನೆಯದು ಯುಎಎನ್, ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ. ಹೊಸ ಕಂಪನಿಗೆ ಹಳೆಯ ಸಂಖ್ಯೆಯನ್ನೇ ಕೊಡಿ, ಎರಡನೆಯದನ್ನು ಹುಟ್ಟಿಸಬೇಡಿ. ಇನ್ನು ಕೆಲಸ ಬಿಟ್ಟ ದಿನಾಂಕ. ಹಳೆಯ ಕಂಪನಿ ಅದನ್ನು ನಮೂದಿಸದಿದ್ದರೆ, ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲ್‌ನಲ್ಲಿ ‘ಮಾರ್ಕ್ ಎಕ್ಸಿಟ್’ ಒತ್ತಿ, ಆಧಾರ್ ಓಟಿಪಿ ಕೊಟ್ಟು ನೀವೇ ತುಂಬಬಹುದು.

ಪಿಎಫ್ ಕಟ್ಟುತ್ತಿದ್ದಾಳಲ್ಲ, ಪಿಂಚಣಿ ಬಂದೇ ಬರುತ್ತದೆ ಎಂದು ಹಿರಿಯರು ನಂಬಿರುತ್ತಾರೆ. ಸೂತ್ರ ಕೇಳಿ: ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು. ಸಂಬಳದ ಮಿತಿ 15,000. ಮೂವತ್ತೈದು ವರ್ಷ ದುಡಿದರೆ ತಿಂಗಳಿಗೆ 7,500, ಅದಕ್ಕೆ ತುಟ್ಟಿಭತ್ಯೆಯೂ ಇಲ್ಲ. ನಮ್ಮ ಉದಾಹರಣೆಯ ಮಗಳ ಮೂಲ ವೇತನ 15,000 ದಾಟಿದೆ, ಹಾಗಾಗಿ ಅವಳಿಗೆ ಅದೂ ಇಲ್ಲ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿ ಸೇರಿದವರ ಮೂಲ ವೇತನ 15,000 ಮೀರಿದ್ದರೆ ಅವರು ಪಿಂಚಣಿ ಯೋಜನೆಯ ಹೊರಗೆ. ಕಂಪನಿಯ ಪಾಲೂ ಪೂರ್ತಿ ಪಿಎಫ್‌ಗೇ ಹೋಗಬೇಕು. ಅಂಥವರ ಪಾಸ್‌ಬುಕ್ಕಿನ ಪಿಂಚಣಿ ಕಾಲಮ್ಮಿನಲ್ಲಿ 1,250 ಕಾಣಿಸಿದರೆ ಅದು ಕಂಪನಿಯ ತಪ್ಪು. ಕೂಡಲೇ ಎಚ್‌ಆರ್‌ಗೆ ಇಮೇಲ್ ಬರೆದು ತಿದ್ದಿಸಿ. ವರ್ಷಗಳು ಕಳೆದಷ್ಟೂ ಗಂಟು ಬಿಗಿಯಾಗುತ್ತದೆ.

ಸಂಬಳದಲ್ಲಿ ಹಿಡಿದ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಂಪನಿ ಕಟ್ಟಿರಬೇಕು. ಕೆಲವರು ಹಿಡಿಯುತ್ತಾರೆ, ಕಟ್ಟುವುದಿಲ್ಲ. ಹಾಗಾಗಿ ತಿಂಗಳ 20ರ ಹೊತ್ತಿಗೆ, ಯುಎಎನ್‌ಗೆ ಜೋಡಿಸಿದ ನಿಮ್ಮ ಮೊಬೈಲಿನಿಂದ ಒಂದು ಮಿಸ್ಡ್ ಕಾಲ್ ಕೊಡಿ. ಕೊನೆಯ ಕಂತು ಎಷ್ಟು, ಬಾಕಿ ಎಷ್ಟು ಎಂಬ ಸಂದೇಶ ಬರುತ್ತದೆ. ಸಂಖ್ಯೆ ಬರೆದುಕೊಳ್ಳಿ: 99660 44425. ಮತ್ತೊಮ್ಮೆ, 99660 44425.

ನಮಸ್ಕಾರ.