ಮೀಟರು ಅವರ ಬಳಿ, ಬಿಲ್ಲು ನಮ್ಮ ಬಳಿ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಮೊಬೈಲ್ ಬಿಲ್ಲಿನ, ಅದರಲ್ಲೂ ಡೇಟಾ ಬಿಲ್ಲಿನ ಜಗಳದ ಬಗ್ಗೆ.

ಅಹಮದಾಬಾದಿನ ಒಬ್ಬ ಗ್ರಾಹಕರಿಗೆ ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್ಲು ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿತ್ತು. 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಅವಧಿಗೆ ಬಂದದ್ದು 24,609 ರೂಪಾಯಿ 51 ಪೈಸೆ. ಆ 51 ಪೈಸೆಯನ್ನೂ ಬಿಟ್ಟಿರಲಿಲ್ಲ ನೋಡಿ! ಬಿಲ್ಲಿನ ಹಣ ಕ್ರೆಡಿಟ್ ಕಾರ್ಡಿನಿಂದ ತಾನಾಗಿಯೇ ಹೋಗುವ ಆಟೋ ಪೇ ಸೌಲಭ್ಯವನ್ನೂ ಅವರು ಪಡೆದಿದ್ದರು. 2014ರ ಮೇ ತಿಂಗಳಲ್ಲಿ ಅವರು ಜಿಲ್ಲಾ ಗ್ರಾಹಕ ವೇದಿಕೆಗೆ ದೂರು ಕೊಟ್ಟರು. ಕೇಳಿದ ಪರಿಹಾರ 22,000 ರೂಪಾಯಿ, ಮೇಲೆ ಬಡ್ಡಿ.

ಬಿಲ್ಲು ಕಳಿಸಿದ್ದ ವೊಡಾಫೋನ್ ಕಂಪನಿ ಬಿಲ್ಲಿನ ವಿಷಯಕ್ಕೇ ಬರಲಿಲ್ಲ. ಈ ದೂರನ್ನು ಕೇಳುವ ಅಧಿಕಾರವೇ ವೇದಿಕೆಗಿಲ್ಲ ಎಂದು ತಕರಾರು ತೆಗೆಯಿತು. ಅದಕ್ಕೆ ಆಧಾರ 1885ರ ಟೆಲಿಗ್ರಾಫ್ ಕಾಯ್ದೆ. ಇಂಥ ವ್ಯಾಜ್ಯ ಮಧ್ಯಸ್ಥಗಾರರ ಮುಂದೆ ಹೋಗಬೇಕೆಂದು ಅದರಲ್ಲೊಂದು ಕಲಂ ಇತ್ತು. 2009ರಲ್ಲಿ ಸುಪ್ರೀಂ ಕೋರ್ಟು ಕೂಡ ಹಾಗೆಯೇ ಹೇಳಿತ್ತು. ಜಿಲ್ಲಾ ವೇದಿಕೆ ಈ ತಕರಾರನ್ನು ಒಪ್ಪಲಿಲ್ಲ. ರಾಜ್ಯ ಆಯೋಗವೂ ಒಪ್ಪಲಿಲ್ಲ, ರಾಷ್ಟ್ರೀಯ ಆಯೋಗವೂ ಒಪ್ಪಲಿಲ್ಲ. ಕಂಪನಿ ದೆಹಲಿಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರ ಫೆಬ್ರವರಿ 16ರಂದು ಅಲ್ಲಿಯೂ ಸೋತಿತು. ದೂರವಾಣಿ ಸೇವೆಯೂ ಸೇವೆಯೇ, ಅದರ ಗ್ರಾಹಕ ಗ್ರಾಹಕ ವೇದಿಕೆಗೆ ಹೋಗಬಹುದು ಎಂದು ತೀರ್ಪಾಯಿತು.

ಯಾವ ಬಾಗಿಲು ತಟ್ಟಬೇಕು ಎಂಬುದು ತೀರ್ಮಾನವಾಗಲಿಕ್ಕೇ ಎಂಟು ವರ್ಷ ಹತ್ತಿರವಾಯಿತು. ಬಿಲ್ಲು ಸರಿಯೋ ತಪ್ಪೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಇರಲೇ ಇಲ್ಲ. ಇಪ್ಪತ್ತೆರಡು ಸಾವಿರದ ವ್ಯಾಜ್ಯಕ್ಕೆ ಕಂಪನಿ ಇಷ್ಟು ಮೆಟ್ಟಿಲು ಹತ್ತಿದ್ದು ಆ ಹಣಕ್ಕಾಗಿ ಅಲ್ಲ ಎಂದು ನನ್ನ ಎಣಿಕೆ. ಆ ಬಾಗಿಲು ತೆರೆದರೆ ಹಿಂದೆ ಎಷ್ಟು ಜನ ಬರುತ್ತಾರೆ ಎಂಬ ಲೆಕ್ಕ ಅವರಿಗಿತ್ತು. ಇವತ್ತು ಆ ಬಾಗಿಲು ತೆರೆದಿದೆ. ಆದರೆ ಹೋಗುವವರು ಕಡಿಮೆ.

ಡೇಟಾ ಬಿಲ್ಲಿನ ಜಗಳದಲ್ಲಿ ಗ್ರಾಹಕ ಸೋಲುವುದು ಹೆಚ್ಚಾಗಿ ಫೋನಿನಲ್ಲಿಯೇ. ಕರೆ ಮಾಡುತ್ತಾನೆ, ರೇಗುತ್ತಾನೆ, ಆ ಕಡೆಯ ಹುಡುಗನೋ ಹುಡುಗಿಯೋ "ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ ಸರ್" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆ ಸಿಸ್ಟಮ್ ಅಂದರೆ ಏನು? ಮನೆಯ ಕರೆಂಟಿನ ಮೀಟರು ನಮ್ಮ ಗೋಡೆಯ ಮೇಲಿರುತ್ತದೆ, ಬೇಕಾದಾಗ ಹೋಗಿ ನೋಡಬಹುದು. ಡೇಟಾದ ಮೀಟರು ಕಂಪನಿಯ ಜಾಲದೊಳಗಿದೆ. ನಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಲೆಕ್ಕವೇ ಬೇರೆ, ಅವರ ಲೆಕ್ಕವೇ ಬೇರೆ. ಎರಡೂ ಕರಾರುವಾಕ್ಕಾಗಿ ಹೊಂದುವುದಿಲ್ಲ. ನಮ್ಮ ಫೋನು ತಿಂಗಳ ಒಂದನೇ ತಾರೀಖಿನಿಂದ ಎಣಿಸುತ್ತಿರಬಹುದು, ಬಿಲ್ಲು ಎಂಟನೇ ತಾರೀಖಿನಿಂದ ಶುರುವಾಗಿರಬಹುದು. ಕಂಪನಿಯ ಲೆಕ್ಕ ಡೇಟಾವನ್ನು ಅಳೆಯುವ ಸಣ್ಣ ಸಣ್ಣ ತುಣುಕುಗಳಲ್ಲಿ, ಅಂದರೆ ಪಲ್ಸ್‌ಗಳಲ್ಲಿ ನಡೆಯುತ್ತದೆ, ಅರ್ಧ ಪಲ್ಸ್ ಬಳಸಿದರೂ ಪೂರ್ತಿ ಎಂದೇ ಹಿಡಿಯುತ್ತದೆ. ಹಾಗಾಗಿ ಜಗಳಕ್ಕೆ ಇಳಿಯುವ ಮುನ್ನ ಫೋನಿನ ಲೆಕ್ಕವನ್ನು ಬಿಲ್ಲಿನ ಅವಧಿಗೇ ಹೊಂದಿಸಿಕೊಳ್ಳಿ. ಮನೆಯ ಮಕ್ಕಳು ನಿಮ್ಮ ಹಾಟ್‌ಸ್ಪಾಟಿನಿಂದ ಕ್ರಿಕೆಟ್ ನೋಡಿದ್ದರೆ ಅದೂ ನಿಮ್ಮ ಖಾತೆಗೇ ಬರುತ್ತದೆ, ಅದನ್ನೂ ವಿಚಾರಿಸಿ. ನೂರು ಎಂಬಿ ವ್ಯತ್ಯಾಸಕ್ಕೆ ಹೊಡೆದಾಡುವುದು ವ್ಯರ್ಥ. ಹತ್ತು ಜಿಬಿ ವ್ಯತ್ಯಾಸವಿದ್ದರೆ ಬಿಡಬೇಡಿ.

ಹಿಂದೆ ಪ್ಯಾಕ್ ಇಲ್ಲದೆ ನೆಟ್ ಬಳಸಿದರೆ 10 ಕೆಬಿಗೆ 10 ಪೈಸೆ ಎಂಬ ದರ ಸಾಮಾನ್ಯವಾಗಿತ್ತು. ಕೇಳಲು ಚಿಲ್ಲರೆ ಹಣ. ಗುಣಿಸಿ ನೋಡಿ, ಒಂದು ಜಿಬಿಗೆ ಹತ್ತು ಸಾವಿರ ರೂಪಾಯಿ ದಾಟುತ್ತದೆ! 2016ರ ನಂತರ ದರ ಕುಸಿಯಿತು. ಈಗ ದಿನದ ಒಂದೂವರೆ ಜಿಬಿ, ಎರಡು ಜಿಬಿ ಮುಗಿದರೆ ಬಿಲ್ಲು ಏರುವ ಬದಲು ವೇಗ ಇಳಿಯುತ್ತದೆ. ಹಾಗಾಗಿ ಊರಿನಲ್ಲಿದ್ದುಕೊಂಡು ರೀಚಾರ್ಜ್ ಮಾಡಿಸುವವರಿಗೆ ಈ ಭಯ ಬಹುಮಟ್ಟಿಗೆ ಹೋಗಿದೆ. ಉಳಿದಿರುವುದು ವಿದೇಶಕ್ಕೆ ಹೋಗುವವರಿಗೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಂದಿರು, ನಾಲ್ಕು ದಿನ ದುಬೈ ನೋಡಲು ಹೋದ ದಂಪತಿ, ಇಂಥವರು ರೋಮಿಂಗ್ ಪ್ಯಾಕ್ ಹಾಕಿಸದೆ ಇಳಿದರೆ ಫೋನು ಜೇಬಿನಲ್ಲಿದ್ದಂತೆಯೇ ವಾಟ್ಸಾಪಿನ ಫೋಟೋಗಳನ್ನು ಎಳೆದುಕೊಳ್ಳುತ್ತಾ ಕೂರುತ್ತದೆ. ಹಡಗಿನಲ್ಲಿ, ಕೆಲವು ವಿಮಾನಗಳಲ್ಲಿ ಉಪಗ್ರಹದ ಮೂಲಕ ಬರುವ ಬೇರೆಯೇ ಜಾಲ ಇರುತ್ತದೆ. ದೇಶದ ರೋಮಿಂಗ್ ಪ್ಯಾಕ್ ಅಲ್ಲಿಗೆ ಅನ್ವಯಿಸದೇ ಇರಬಹುದು. ಡೇಟಾ ರೋಮಿಂಗ್ ಎಂಬ ಗುಂಡಿಯನ್ನು ಇಲ್ಲಿಂದ ಹೊರಡುವ ಮೊದಲೇ ಆಫ್ ಮಾಡಿಬಿಡಿ.

ಈಗ ಪೆನ್ನು ಕಾಗದ ತೆಗೆದುಕೊಳ್ಳಿ. ನಿಮಗೆ ನೆಟ್ ಬೇಡವೇ ಬೇಡ ಎಂದಿದ್ದರೆ 1925 ಎಂಬ ಸಂಖ್ಯೆಗೆ ಸ್ಟಾಪ್ ಎಂದು ಇಂಗ್ಲಿಷಿನಲ್ಲಿ ಎಸ್ಸೆಮ್ಮೆಸ್ ಕಳಿಸಿದರೆ ಮೊಬೈಲ್ ಡೇಟಾ ನಿಲ್ಲುತ್ತದೆ. ಮತ್ತೊಮ್ಮೆ ಹೇಳುತ್ತೇನೆ, ಒಂದು ಒಂಬತ್ತು ಎರಡು ಐದು. ಕೇಳದೇ ಅಂಟಿಕೊಂಡ ಜ್ಯೋತಿಷ್ಯ, ಹಾಡು, ಆಟಗಳ ಚಂದಾ ತೆಗೆಸಲು 155223.

ಬಿಲ್ಲೇ ತಪ್ಪು ಅನ್ನಿಸಿದರೆ ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ. ಹೆಚ್ಚಿನ ಕಂಪನಿಗಳಲ್ಲಿ ಅದು 198, ಕರೆ ಉಚಿತ. ಅಲ್ಲಿ ವಾದ ಮಾಡಬೇಡಿ. ಡಾಕೆಟ್ ನಂಬರ್, ಅಂದರೆ ದೂರಿನ ನೋಂದಣಿ ಸಂಖ್ಯೆ, ಕೊಡಿ ಎಂದು ಕೇಳಿ, ಬರೆದುಕೊಳ್ಳಿ, ಫೋನ್ ಇಡಿ. ಈ ನಂಬರ್ ಇಲ್ಲದ ದೂರಿಗೆ ಕಂಪನಿಯೊಳಗೆ ಮುಂದೆ ದಾರಿಯಿಲ್ಲ. ಪ್ರೀಪೇಯ್ಡ್ ಆದರೂ ಹಿಂದಿನ ಆರು ತಿಂಗಳೊಳಗಿನ ಬಳಕೆಯ ವಿವರಪಟ್ಟಿಯನ್ನು ಕೇಳಿ ಪಡೆಯಬಹುದು. ಅದಕ್ಕೆ ಅವರು 50 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ. ಅದರಲ್ಲಿ ಯಾವ ಹೊತ್ತಿನಲ್ಲಿ ಎಷ್ಟು ಡೇಟಾ ಹೋಯಿತು ಎಂದು ಗಮನಿಸಿ. ನೀವು ವೈ-ಫೈ ಇರುವ ಮನೆಯಲ್ಲಿ ಮಲಗಿದ್ದ ರಾತ್ರಿ ಮೂರು ಗಂಟೆಯಲ್ಲಿ ದೊಡ್ಡ ಮೊತ್ತ ಕಂಡರೆ, ಹಿಡಿಯಬೇಕಾದ ಎಳೆ ಅದೇ.

ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಮೂವತ್ತು ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಜನ ದಾಟಿ ಹೋಗುವ ಮೆಟ್ಟಿಲು ಇದೇ. "ಕಂಪನಿಯ ಮೇಲೆ ಕಂಪನಿಗೇ ದೂರೇ?" ಎಂದು ನಗುತ್ತಾರೆ. ನಗು ಸಹಜವೇ. ಆದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ಈ ಪ್ರಾಧಿಕಾರಕ್ಕೆ ಇಬ್ಬರ ಸಲಹಾ ಸಮಿತಿ ಇರಬೇಕು, ಅದರಲ್ಲೊಬ್ಬರು ಟ್ರಾಯ್‌ನಲ್ಲಿ ನೋಂದಾಯಿಸಿದ ಗ್ರಾಹಕ ಸಂಘಟನೆಯವರು. ಶುಲ್ಕವಿಲ್ಲ. 39 ದಿನದಲ್ಲಿ ತೀರ್ಮಾನ ಬರೆದು ಕೊಡಬೇಕು. ಹೀಗೆ ಬರೆದು ಕೊಟ್ಟ ಕಾಗದಕ್ಕೆ ಫೋನಿನ ಮಾತಿಗಿಲ್ಲದ ತೂಕವಿದೆ. ನೇರವಾಗಿ ಟ್ರಾಯ್‌ಗೇ ಬರೆಯುತ್ತೇನೆ ಎನ್ನುವವರು ಬಹಳ. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತೀರ್ಮಾನಿಸುವುದಿಲ್ಲ, ಅದು ಕಂಪನಿಗೆ ದಾಟಿಸುತ್ತದೆ ಅಷ್ಟೆ.

ಇಷ್ಟಾದರೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ, ಅಂದರೆ ಹಿಂದಿನ ಜಿಲ್ಲಾ ಗ್ರಾಹಕ ವೇದಿಕೆ. 2019ರ ಕಾಯ್ದೆ ಬಂದ ಮೇಲೆ ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. ನೀವು ವಾಸ ಮಾಡುವ ಜಿಲ್ಲೆಯಲ್ಲೇ, ಕೊಪ್ಪಳವೋ ಚಾಮರಾಜನಗರವೋ, ದೂರು ಹಾಕಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ಅದಕ್ಕೂ ಮುನ್ನ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡಿ. ಅವರು ಕಂಪನಿಯೊಡನೆ ಮಾತಾಡುತ್ತಾರೆ, ಸಣ್ಣ ಮೊತ್ತಗಳು ಅಲ್ಲಿಯೇ ಬಗೆಹರಿಯುವುದುಂಟು.

ಆಟೋ ಪೇ ಬಗ್ಗೆ ಒಂದು ಮಾತು. ಬಿಲ್ಲನ್ನು ನಾವು ನೋಡುವ ಮೊದಲೇ ಹಣ ಹೋಗಿದ್ದರೆ ಕೊಡುವುದಿಲ್ಲ ಎನ್ನುವ ಬದಲು ವಾಪಸ್ಸು ಕೊಡಿ ಎಂದು ಬೇಡಬೇಕಾಗುತ್ತದೆ. ಅದನ್ನು ತೆಗೆಸಿ ಎಂದು ಹೇಳಲಾರೆ, ಅನುಕೂಲವಂತೂ ಇದೆ. ಆದರೆ ಮೊತ್ತಕ್ಕೊಂದು ಮಿತಿ ಹಾಕಿಸಿ. ಪೋಸ್ಟ್‌ಪೇಯ್ಡ್ ಸಂಪರ್ಕದ ಕ್ರೆಡಿಟ್ ಲಿಮಿಟ್, ಅಂದರೆ ಬಳಕೆಯ ಮೊತ್ತಕ್ಕೆ ಕಂಪನಿ ಹಾಕಿದ ಮಿತಿ, ಎಷ್ಟೆಂದು ಕಂಪನಿಯಿಂದ ಬರಹದಲ್ಲಿ ಕೇಳಿಟ್ಟುಕೊಳ್ಳಿ. ಮಿತಿ ಐದು ಸಾವಿರವಾಗಿದ್ದು ಬಿಲ್ಲು ಇಪ್ಪತ್ತು ಸಾವಿರ ಬಂದರೆ, ಮಧ್ಯದಲ್ಲಿ ನನಗೇಕೆ ಎಚ್ಚರಿಸಲಿಲ್ಲ ಎಂಬ ಪ್ರಶ್ನೆಗೆ ಅವರು ಉತ್ತರ ಕೊಡಬೇಕಾಗುತ್ತದೆ.

ಕೊನೆಯದಾಗಿ ಗಡುವಿನ ವಿಷಯ. ಗ್ರಾಹಕ ಆಯೋಗಕ್ಕೆ ಹೋಗಲು ವ್ಯಾಜ್ಯ ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶ. ಬಳಕೆಯ ದಾಖಲೆಗಳನ್ನು ಕಂಪನಿಗಳು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು 2021ರ ಡಿಸೆಂಬರಿನಲ್ಲಿ ಪರವಾನಗಿಯ ಷರತ್ತು ತಿದ್ದಲಾಯಿತು. ಎರಡೂ ಒಂದೇ ಹೊತ್ತಿಗೆ ಮುಗಿಯುತ್ತವೆ. ನೀವು ಎರಡನೇ ವರ್ಷದ ಕೊನೆಯಲ್ಲಿ ದೂರು ಹಾಕಿದರೆ ಅದು ವಿಚಾರಣೆಗೆ ಬರುವಷ್ಟರಲ್ಲಿ ದಾಖಲೆ ಅಳಿಸಿಹೋಗಿರಬಹುದು. ಆದ್ದರಿಂದ ಕಂಪನಿಗೆ ಬರೆಯುವ ಮೊದಲ ಪತ್ರದಲ್ಲಿಯೇ ಒಂದು ಸಾಲು ಸೇರಿಸಿ: ಈ ಸಂಖ್ಯೆಯ, ಈ ಅವಧಿಯ ಡೇಟಾ ಬಳಕೆಯ ದಾಖಲೆಗಳನ್ನು ವ್ಯಾಜ್ಯ ತೀರುವವರೆಗೆ ಕಾದಿರಿಸಬೇಕು. ಕೆಳಗೆ ಡಾಕೆಟ್ ನಂಬರ್, ದಿನಾಂಕ, ಸಹಿ. ಒಂದು ಪ್ರತಿ ನಿಮ್ಮ ಬಳಿ ಇರಲಿ.

ನಮಸ್ಕಾರ.