ಇಪ್ಪತ್ನಾಲ್ಕು ಮೊಗ್ಗು, ಆರು ಗಂಟು

ಸಾಯಂಕಾಲ ಐದೂವರೆ. ತಾರಸಿ ಮೇಲೆ ಬಿಸಿಲು ಓರೆಯಾಗಿದೆ, ಆ ಕಡೆ ಚಾಮುಂಡಿ ಬೆಟ್ಟ. ಈ ಹೊತ್ತಲ್ಲಿ ದುಂಡು ಮಲ್ಲಿಗೆ ಗಿಡದ ಮುಂದೆ ನಿಂತ್ರೆ ಎರಡು ಥರದ ಮೊಗ್ಗು ಕಾಣತ್ತೆ. ಒಂದು ಸಣ್ಣದು, ಗಟ್ಟಿ, ಹಸಿರು ಛಾಯೆ ಇನ್ನೂ ಬಿಟ್ಟಿಲ್ಲ. ಇನ್ನೊಂದು ಉಬ್ಬಿ ನಿಂತಿದೆ, ಅಚ್ಚ ಬಿಳಿ, ತುದಿ ಮಾತ್ರ ಬಿಗಿ. ಕೀಳಬೇಕಾದದ್ದು ಎರಡನೇದು. ಅದು ಇವತ್ತು ರಾತ್ರಿನೇ ಅರಳತ್ತೆ. ಹಸಿರು ಮೊಗ್ಗು ಕಿತ್ರೆ ಅರಳೋದಿಲ್ಲ, ಹಾಗೇ ಬಾಡಿ ಕಂದು ಬಣ್ಣಕ್ಕೆ ತಿರುಗತ್ತೆ.

ಈ ವ್ಲಾಗ್ ಕೃತಜ್ಞತೆ ಬಗ್ಗೆ. ಮತ್ತೆ ಮಲ್ಲಿಗೆ ಯಾಕೆ ಅಂತೀರಾ? ಸುಮ್ನೆ ಕಣ್ಣು ಮುಚ್ಚಿ ಕೂತು "ನನಗೆ ಎಷ್ಟೊಂದು ಸಿಕ್ಕಿದೆ" ಅಂತ ಯೋಚಿಸೋಕೆ ಹೊರಟ್ರೆ ತಲೆಗೆ ಮೊದಲು ಬರೋದು ಕರೆಂಟ್ ಬಿಲ್ಲು, ಆಮೇಲೆ ಆಫೀಸು. ಕೈಗೆ ಒಂದು ಸಣ್ಣ ಕೆಲಸ ಕೊಡಿ, ಮನಸ್ಸು ತಾನಾಗೇ ಕೂರತ್ತೆ. ಕೆಲಸ ತುಂಬಾ ಸುಲಭ ಆಗ್ಬಾರದು, ತುಂಬಾ ಕಷ್ಟನೂ ಆಗ್ಬಾರದು. ಹೂ ಕಟ್ಟೋದು ಸರಿಯಾಗಿ ಆ ಅಳತೆಗೆ ಸಿಗತ್ತೆ.

ಮೊದಲು ಗಿಡದ ವಿಷಯ ಮುಗಿಸಿಬಿಡೋಣ. ಹದಿನಾಲ್ಕು ಇಂಚಿನ ಕುಂಡ, ತಳದಲ್ಲಿ ತೂತು ಇರಲೇಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಒಂದು ಪಾಲು ಮರಳು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಬಾಲ್ಕನಿ ನೆರಳಲ್ಲಿಟ್ಟು "ಎಲೆ ಚೆನ್ನಾಗಿದೆ, ಹೂ ಮಾತ್ರ ಬರ್ತಿಲ್ಲ" ಅನ್ನೋರು ಮೊದಲು ಕುಂಡದ ಜಾಗ ಬದಲಾಯಿಸಿ. ಬಿಸಿಲಿದ್ದೂ ಬರೀ ಎಲೆನೇ ಬರ್ತಿದ್ರೆ ಯೂರಿಯಾ ಜಾಸ್ತಿ ಆಗಿದೆ, ನಿಲ್ಲಿಸಿ. ಅದರ ಬದಲು 50 ಗ್ರಾಂ ಕಡಲೆಕಾಯಿ ಹಿಂಡಿಯನ್ನ ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಸೋಸಿ, ಹತ್ತರಷ್ಟು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ ಹಾಕಿ. ನೆನೆಸಿದ ಡಬ್ಬಿಗೆ ಮುಚ್ಚಳ ಹಾಕಿ, ಇಲ್ಲಾಂದ್ರೆ ಪಕ್ಕದ ಮನೆಯವರ ಕೃತಜ್ಞತೆ ಏನೂ ಸಿಗಲ್ಲ.

ಎಲೆ ಹಳದಿ, ಆದ್ರೆ ನರ ಮಾತ್ರ ಹಸಿರು ಉಳಿದಿದ್ರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗ್ತಿಲ್ಲ ಅಂತ. ಬೋರ್‌ವೆಲ್‌ನ ಗಡಸು ನೀರು ಹಾಕೋ ಮನೆಗಳಲ್ಲಿ ಇದು ಮಾಮೂಲು. ಕಾವೇರಿ ನೀರು ಬರೋ ದಿನ ಒಂದು ಬಕೆಟ್ ಹಿಡಿದಿಟ್ಟು ಗಿಡಕ್ಕೆ ಹಾಕಿ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ಪಕ್ಕದಲ್ಲಿ ಸಣ್ಣ ತೂತು ಕಂಡ್ರೆ ಒಳಗೆ ಹುಳ ಇದೆ. ಅಂಥ ಮೊಗ್ಗನ್ನ ಗಿಡದ ಬುಡಕ್ಕೆ ಎಸೀಬೇಡಿ, ಮಣ್ಣಿಗೆ ಇಳಿದ ಹುಳ ಮತ್ತೆ ಪತಂಗವಾಗಿ ಬರತ್ತೆ. ಕವರ್‌ಗೆ ಹಾಕಿ ಕಟ್ಟಿ ಬಿಸಾಕಿ.

ಈಗ ಕೆಳಗೆ ಬರೋಣ, ಜಗಲಿಗೆ.

ಬಾಳೆ ನಾರು ಒಣಗಿದ್ರೆ ಪಟ್ ಅಂತ ಕಿತ್ತು ಬರತ್ತೆ. ಹತ್ತು ನಿಮಿಷ ನೀರಲ್ಲಿ ನೆನೆಸಿ, ಆಮೇಲೆ ಉದ್ದಕ್ಕೆ ಸೀಳಿ. ದಾರದಲ್ಲೂ ಕಟ್ಟಬಹುದು, ಆದ್ರೆ ಸಣ್ಣ ದಾರ ತೊಟ್ಟನ್ನ ಕತ್ತರಿಸತ್ತೆ. ನಾರು ಅಗಲವಾಗಿ ಅಪ್ಪಿಕೊಳ್ಳತ್ತೆ, ತೇವನೂ ಇಟ್ಟುಕೊಳ್ಳತ್ತೆ, ಹೂ ತಡವಾಗಿ ಬಾಡತ್ತೆ.

ಕೈ ನೋಡ್ಕೊಳ್ಳಿ. ಎಡಗೈ ಹೆಬ್ಬೆರಳು, ತೋರುಬೆರಳ ನಡುವೆ ನಾರಿನ ತುದಿ. ಅದರ ಮೇಲೆ ಎರಡು ಮೊಗ್ಗು ಎಡಕ್ಕೆ ತಲೆ, ಎರಡು ಮೊಗ್ಗು ಬಲಕ್ಕೆ ತಲೆ. ತೊಟ್ಟುಗಳು ನಡುವೆ ಒಂದರ ಮೇಲೊಂದು ಕೂರಬೇಕು. ನಾರನ್ನ ತೊಟ್ಟುಗಳ ಸುತ್ತ ಒಂದು ಸುತ್ತು ತನ್ನಿ. ಈಗ ಬಲಗೈಯ ಎರಡು ಬೆರಳಿಗೆ ನಾರು ಹಾಕಿ ಒಮ್ಮೆ ತಿರುವಿದ್ರೆ ಕುಣಿಕೆ ಆಯ್ತು. ಆ ಕುಣಿಕೆನ ಒಂದು ಕಡೆ ಮೊಗ್ಗುಗಳ ತಲೆ ಮೇಲಿಂದ ದಾಟಿಸಿ, ತೊಟ್ಟಿಗೆ ಇಳಿಸಿ, ಮೆಲ್ಲಗೆ ಎಳೀರಿ.

ತಪ್ಪಾಗೋದು ಈ ಎಳೆಯೋ ಕಡೆನೇ. ಜೋರಾಗಿ ಎಳೆದ್ರೆ ತೊಟ್ಟು ಕತ್ತರಿಸಿ ಮೊಗ್ಗು ಮಡಿಲಿಗೆ ಬೀಳತ್ತೆ. ಸಡಿಲ ಬಿಟ್ರೆ ರಾತ್ರಿ ಹೂ ಅರಳಿದಾಗ ಒಂದನ್ನೊಂದು ತಳ್ಳಿ ಜಾರತ್ತೆ. ಗಂಟು ಕೂತಿದ್ಯಾ ಅಂತ ಕಣ್ಣಿಗಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗತ್ತೆ: ನಾರು ಜಾರ್ತಾ ಬಂದು ಒಂದು ಕಡೆ ತಡೆಯತ್ತೆ, ಅಲ್ಲಿಗೆ ನಿಲ್ಲಿಸಿ. ಆ ತಡೆ ಗೊತ್ತಾಗಬೇಕಾದ್ರೆ ಗಮನ ಬೇರೆ ಕಡೆ ಇರೋಕಾಗಲ್ಲ. ಟೀವಿ ನೋಡ್ತಾ ಕಟ್ಟೋ ಅಜ್ಜಿಯಂದಿರು ಇದ್ದಾರೆ, ನಿಜ. ಅವರ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ.

ಗಂಟಿಗೆ ನಾಲ್ಕು ಮೊಗ್ಗು, ಒಂದೂವರೆ ಸೆಂಟಿಮೀಟರ್‌ಗೆ ಒಂದು ಗಂಟು ಅಂದ್ಕೊಳ್ಳಿ. ಮೊಳ ಅಂದ್ರೆ ಮೊಣಕೈಯಿಂದ ನಡುಬೆರಳ ತುದಿವರೆಗೆ, ಸುಮಾರು 45 ಸೆಂಟಿಮೀಟರ್. ಮೂವತ್ತು ಗಂಟು, ನೂರಿಪ್ಪತ್ತು ಮೊಗ್ಗು. ಒಂದೇ ಕುಂಡದಿಂದ ದಿನಾ ಅಷ್ಟು ನಿರೀಕ್ಷಿಸಬೇಡಿ. ಇಪ್ಪತ್ನಾಲ್ಕು ಸಿಕ್ರೆ ಆರು ಗಂಟು, ಒಂಬತ್ತು ಸೆಂಟಿಮೀಟರ್. ದೇವರ ಫೋಟೋಗೆ ಸಾಕು, ಇನ್ನೂ ಕಲೀತಾ ಇರೋ ಕೈಗೆ ಹತ್ತು ನಿಮಿಷದ ಕೆಲಸ. ದೇವರಾಜ ಮಾರ್ಕೆಟ್ಟಲ್ಲಿ ಮಾರುಗಟ್ಟಲೆ ಕಟ್ಟಿ ಸುರುಳಿ ಸುತ್ತಿಟ್ಟಿರ್ತಾರಲ್ಲ, ಹೀಗೆ ಆರು ಗಂಟು ಹಾಕಿದ ಮೇಲೆ ಅಲ್ಲಿ ಚೌಕಾಸಿ ಮಾಡೋಕೆ ಬಾಯಿ ಬರಲ್ಲ.

ಇನ್ನು ಕೃತಜ್ಞತೆ ಬರೆಯೋ ನೋಟ್‌ಬುಕ್. ದಿನಾ ಹೂ ಕಟ್ಟಿ, ಆದ್ರೆ ದಿನಾ ಬರೀಬೇಡಿ. ಕೃತಜ್ಞತೆ ಪಟ್ಟಿ ಬರೆಸಿ ನೋಡಿದ ಮನಶ್ಶಾಸ್ತ್ರಜ್ಞರು ಎಮನ್ಸ್ ಮತ್ತು ಮೆಕಲ್ಲಾ ಅವರ 2003ರ ಅಧ್ಯಯನದಲ್ಲಿ ಒಂದು ಗುಂಪಿನವರು ಹತ್ತು ವಾರ, ವಾರಕ್ಕೊಮ್ಮೆ, ಹೆಚ್ಚೆಂದ್ರೆ ಐದು ವಿಷಯ ಬರೆದ್ರು. ಕಿರಿಕಿರಿಗಳ ಪಟ್ಟಿ ಬರೆದವರಿಗಿಂತ ಇವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತು. ಆಮೇಲೆ ಲ್ಯುಬೊಮಿರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞೆಯ ತಂಡ ಆರು ವಾರ ಪರೀಕ್ಷಿಸಿದಾಗ ವಾರಕ್ಕೊಮ್ಮೆ ಬರೆದವರಿಗೆ ಉಪಯೋಗ ಆಯ್ತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಪದೇ ಪದೇ ಬರೆದ್ರೆ ಅದು ಹಾಜರಿ ಪುಸ್ತಕ ಆಗಿಬಿಡತ್ತೆ.

ಭಾನುವಾರ ಇಟ್ಕೊಳ್ಳಿ. ಏಳು ಗಂಟೆಗೆ ಅರಮನೆ ದೀಪ ಹೊತ್ತಿಕೊಳ್ಳೋ ಹೊತ್ತಿಗೆ ಸಂಜೆ ಕಟ್ಟಿದ ಹೂವಿನ ತುದಿ ಸಡಿಲ ಆಗಿರತ್ತೆ, ಮನೆಯೊಳಗೆ ವಾಸನೆ ಶುರುವಾಗಿರತ್ತೆ. ಮೂರೇ ಸಾಲು ಬರೀರಿ. "ಆರೋಗ್ಯ, ಮನೆ, ಕುಟುಂಬ" ಅಂತ ಬರೆದ್ರೆ ಮುಂದಿನ ವಾರನೂ ಅದೇ ಬರತ್ತೆ, ಮೂರನೇ ವಾರ ಪುಸ್ತಕ ಮುಚ್ಚತ್ತೆ. ಸಾಲಲ್ಲಿ ಒಬ್ಬ ವ್ಯಕ್ತಿ, ಒಂದು ಹೊತ್ತು, ಒಂದು ವಸ್ತು ಇರಲಿ. "ಬುಧವಾರ ಮಳೇಲಿ ಹಾಲಿನವರು ಪ್ಯಾಕೆಟ್‌ನ ಗೇಟಿಗೆ ನೇತುಹಾಕದೆ ಒಳಗೆ ತಂದು ಕೊಟ್ರು." ಇಷ್ಟೇ. ಕೆಟ್ಟ ವಾರ ಆಗಿದ್ರೆ ಒಂದೇ ಸಾಲು ಸಾಕು, ಖಾಲಿ ಬಿಟ್ರೂ ಆಗತ್ತೆ. ಸುಳ್ಳು ಸಾಲು ಮಾತ್ರ ಬೇಡ.

ದುಂಡು ಮಲ್ಲಿಗೆ ಜೋರಾಗಿ ಬಿಡೋದು ಮಾರ್ಚ್‌ನಿಂದ ಜುಲೈ. ಡಿಸೆಂಬರ್ ಕೊನೆಗೆ ಒಂದು ವಾರ ನೀರು ಕಮ್ಮಿ ಮಾಡಿ, ಗಿಡನ ಒಂದೂವರೆ ಅಡಿಗೆ ಕತ್ತರಿಸಿ, ಉಳಿದ ಎಲೆ ಕಿತ್ತು, ಗೊಬ್ಬರ ಹಾಕಿ ನೀರು ಬಿಡಿ. ಬೋಳು ಕಡ್ಡಿ ನೋಡಿ ಗಾಬರಿ ಬೇಡ, ಚಿಗುರಿನ ತುದಿಯಲ್ಲೇ ಮೊಗ್ಗು ಬರೋದು. ಮಲ್ಲಿಗೆ ಸಿಗದ ತಿಂಗಳುಗಳಲ್ಲಿ ಮಾರ್ಕೆಟ್‌ನಿಂದ ಬಿಡಿ ಕನಕಾಂಬರ ತನ್ನಿ. ತೊಟ್ಟು ಉದ್ದ ಇರೋದ್ರಿಂದ ಕುಣಿಕೆ ಸಲೀಸಾಗಿ ಕೂರತ್ತೆ. ಹೊಸದಾಗಿ ಕಲಿಯೋರು ಅದರಲ್ಲೇ ಶುರು ಮಾಡಿ.