13ನೇ ತಾರೀಕಿನಿಂದ ಎರರ್

ದಾವಣಗೆರೆ, ಜುಲೈ 10, ರಾತ್ರಿ ಎಂಟೂವರೆ. ಹಾರ್ಡ್‌ವೇರ್ ಅಂಗಡಿಯ ಷಟರ್ ಅರ್ಧ ಎಳೆದಾಗಿದೆ. ಜೂನ್ ತಿಂಗಳ ಜಿಎಸ್‌ಟಿಆರ್-1, ಅಂದರೆ ಮಾರಾಟದ ಬಿಲ್ಲುಗಳ ಲೆಕ್ಕ, ಹಾಕೋಕೆ ನಾಳೆ ಕೊನೆ ದಿನ. ಇಂಥ ಏಳೆಂಟು ಅಂಗಡಿಗಳ ಲೆಕ್ಕ ನಾನು ನೋಡುತ್ತೇನೆ. ಹತ್ತನೇ ತಾರೀಕು ಬಂತು ಅಂದರೆ ಫೋನ್ ನಿಲ್ಲುವುದೇ ಇಲ್ಲ.

ಇಲ್ಲಿ ಬಿಲ್ ಮಾಡುವ ಹುಡುಗಿ ಬೆಳಿಗ್ಗೆಯಿಂದ ಒಂದೇ ಎಕ್ಸೆಲ್ ಫೈಲ್ ಹಿಡಿದು ಕೂತಿದ್ದಾಳೆ. ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಹಾಕಿದರೆ ಕೆಂಪು ಅಕ್ಷರದಲ್ಲಿ 'ಇನ್‌ವ್ಯಾಲಿಡ್ ಇನ್‌ಪುಟ್' ಅಂತ ಬರುತ್ತದೆ. ಯಾವ ಸಾಲು, ಯಾವ ಕಾಲಂ, ಒಂದನ್ನೂ ಹೇಳುವುದಿಲ್ಲ. ಇದು ನನಗೆ ನಿಜವಾಗಲೂ ಬೇಜಾರಿನ ವಿಷಯ. ತಪ್ಪು ಎಲ್ಲಿದೆ ಅಂತ ಸಾಫ್ಟ್‌ವೇರ್‌ಗೆ ಗೊತ್ತು, ಆದರೆ ಬೈಸಿಕೊಳ್ಳುವುದು ಈ ಹುಡುಗಿ.

"ಅಕ್ಕಾ, ನಾಲ್ಕು ಸಲ ಹೊಸದಾಗಿ ಟೈಪ್ ಮಾಡಿದೆ" ಅಂದಳು. ಟೈಪ್ ಮಾಡೋದು ಬೇಡಮ್ಮ, ಮೊದಲು ಎಣಿಸೋಣ ಅಂದೆ.

ಸ್ಕ್ರೀನ್ ನೋಡಿ. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ ಇರಬೇಕು. ಪಕ್ಕದ ಕಾಲಂನಲ್ಲಿ ಅಕ್ಷರ ಎಣಿಸುವ ಲೆನ್ ಫಾರ್ಮುಲಾ ಹಾಕಿ ಕೆಳಗಿನವರೆಗೂ ಎಳೆದೆವು. ಒಂದು ಕಡೆ 16 ಬಂತು! ಕಣ್ಣಿಗೆ ಏನೂ ಕಾಣಲ್ಲ, ಆದರೆ ಕೊನೆಯಲ್ಲಿ ಒಂದು ಸ್ಪೇಸ್ ಅಂಟಿಕೊಂಡಿದೆ. ಹೆಚ್ಚುವರಿ ಸ್ಪೇಸ್ ತೆಗೆಯುವ ಟ್ರಿಮ್ ಫಾರ್ಮುಲಾ ಹಾಕಿದರೂ ಹೋಗಲಿಲ್ಲ. ವೆಬ್ ಪೇಜಿನಿಂದ ಕಾಪಿ ಮಾಡಿದಾಗ ಬರುವ ಸ್ಪೇಸ್ ಬೇರೆ, ಅದರ ಕೋಡ್ 160. ಟ್ರಿಮ್ ತೆಗೆಯುವುದು ಮಾಮೂಲಿ ಸ್ಪೇಸ್, ಅಂದರೆ 32. ಆ ಸ್ಪೇಸನ್ನೇ ಕಾಪಿ ಮಾಡಿ, ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಕೊಟ್ಟು ತೆಗೆದೆವು.

ಇನ್ನೊಂದರಲ್ಲಿ 15 ಸರಿಯಾಗೇ ಇತ್ತು. ಮೊದಲ ಎರಡಂಕಿ 29, ನಮ್ಮ ಕರ್ನಾಟಕದ ಕೋಡ್. ಆಮೇಲಿನ ಹತ್ತು ಅಕ್ಷರ ಪಾರ್ಟಿಯ, ಅಂದರೆ ಗಿರಾಕಿಯ, ಪ್ಯಾನ್. ಪ್ಯಾನಿನಲ್ಲಿ ಐದು ಅಕ್ಷರ, ನಾಲ್ಕು ಅಂಕಿ, ಮತ್ತೆ ಒಂದು ಅಕ್ಷರ. ಆ ನಾಲ್ಕು ಅಂಕಿಯ ಜಾಗದಲ್ಲಿ ಸೊನ್ನೆ ಬದಲು 'ಓ' ಕೂತಿತ್ತು.

ಇಷ್ಟಾದರೂ ಅದೇ ಕೆಂಪು ಅಕ್ಷರ. ಆಗ ಫೈಲನ್ನು ಎರಡು ಭಾಗ ಮಾಡಿ ಹಾಕಿದೆವು. ಮೊದಲರ್ಧ ಹೋಯಿತು, ಎರಡನೆಯದು ನಿಂತಿತು. ನಿಂತದ್ದರಲ್ಲಿ ಮತ್ತೆ ಅರ್ಧ ಮಾಡಿದೆವು. ಹೀಗೆ ಹುಡುಕುತ್ತಾ ಹೋದರೆ, ಜೂನ್ 13ರಿಂದ ಆಚೆಗಿನ ಎಲ್ಲಾ ಬಿಲ್ಲಿಗೂ ಎರರ್. 12ರವರೆಗೆ ಒಂದಕ್ಕೂ ಇಲ್ಲ.

ನನಗೆ ಎದೆ ಝಲ್ ಎಂದಿತು. ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ತೆಗೆದು ನೋಡಿದೆ. ಅಮೆರಿಕದ್ದಿತ್ತು, ಅಂದರೆ ತಿಂಗಳು ಮೊದಲು, ತಾರೀಕು ಆಮೇಲೆ. 13ನೇ ತಿಂಗಳು ಅಂತ ಇಲ್ಲ, ಅದಕ್ಕೇ ಅಲ್ಲಿಂದ ಮುಂದೆ ಎರರ್. ಎರರ್ ಬಂದ ಬಿಲ್ಲುಗಳ ಚಿಂತೆ ಇಲ್ಲ, ಅವು ಕೂಗಿ ಹೇಳುತ್ತಿವೆ. ಸುಮ್ನೆ ಒಳಗೆ ಹೋದವಲ್ಲ, ಅವನ್ನು ನೋಡಿ. ಜೂನ್ 5ರ ಬಿಲ್ ಮೇ 6 ಆಗಿ ಕೂತಿದೆ. ಜೂನ್ 8ರದ್ದು ಆಗಸ್ಟ್ 6! ಆಗಸ್ಟ್ ಇನ್ನೂ ಬಂದೇ ಇಲ್ಲ, ಅಲ್ವಾ?

ರೀಜನ್ ಇಂಡಿಯಾ ಮಾಡಿದೆವು. ಒಳಗೆ ಹೋದದ್ದನ್ನೆಲ್ಲ ಅಳಿಸಿ ಮೊದಲಿನಿಂದ ಹಾಕಿದೆವು. ಒಂದೇ ಸಲಕ್ಕೆ ಹೋಯಿತು. ಗಂಟೆ ಹತ್ತೂ ಕಾಲು.

ಬ್ಯಾಗ್ ಎತ್ತಿಕೊಂಡು ಹೊರಟಿದ್ದೆ. ಹುಡುಗಿ ಮಾತ್ರ ಏಳಲಿಲ್ಲ. "ಅಕ್ಕಾ, ಹೋದ ತಿಂಗಳೂ ಹೀಗೇ ಬಂದಿತ್ತು. 13ರಿಂದ ಮುಂದಿನದನ್ನ ಮಾತ್ರ ಕೈಯಲ್ಲೇ ಸರಿ ಮಾಡಿದ್ದೆ" ಅಂದಳು.

ಬ್ಯಾಗ್ ಕೆಳಗಿಟ್ಟೆ. ಮೇ ತಿಂಗಳ ಫೈಲ್ ತೆಗೆದೆವು.